ಕಮ್ಮಿ ತುಪ್ಪ, ಕಮ್ಮಿ ಸಕ್ಕರೆಯ ಕ್ಯಾರೆಟ್ ಹಲ್ವಾ: ಬಾಯಿಗಿಡೋ ಹಾಗೆ ಮಾಡೋಕೆ ಆಗುತ್ತಾ?

ಸಪ್ಪೆಸಾರು
ಎಲ್ರಿಗೂ ನಮಸ್ಕಾರ. ಮನೇಲಿ ಅಪ್ಪಂಗೆ ಶುಗರ್ ಇದೆ (ಮಾತ್ರೆಯಲ್ಲಿ ಕಂಟ್ರೋಲಲ್ಲಿದೆ), ಅಮ್ಮಂಗೆ ಕೊಲೆಸ್ಟ್ರಾಲ್, ನನ್ನದು ಸೊಂಟದ ಸಮಸ್ಯೆ ಅಂದ್ರೆ ನೋವಲ್ಲ ಸುತ್ತಳತೆ. ಆದ್ರೆ ಮೂರು ಜನಕ್ಕೂ ಕ್ಯಾರೆಟ್ ಹಲ್ವಾ ಅಂದ್ರೆ ಪ್ರಾಣ. ಮುಂದಿನ ವಾರ ಅಕ್ಕ ಭಾವ ಮಕ್ಕಳು ಎಲ್ಲಾ ಬರ್ತಿದ್ದಾರೆ, ಹಲ್ವಾ ಆಗ್ಲೇಬೇಕು. ಒಂದು ವಿಡಿಯೋದಲ್ಲಿ "ಲೈಟ್ ಹಲ್ವಾ" ಅಂತ ಇತ್ತು, ಅದರಲ್ಲಿ ಹೇಳಿದ ಹಾಗೇ ಒಂದೇ ಚಮಚ ತುಪ್ಪ, ಡಬಲ್ ಟೋನ್ಡ್ ಹಾಲು, ಸಕ್ಕರೆ ಬದಲು ಬೆಲ್ಲ, ಎಲ್ಲಾ ಒಟ್ಟಿಗೆ ಹಾಕಿ ಸಣ್ಣ ಉರೀಲಿ ಇಟ್ವಿ. ಹಾಲು ಒಡೆದು ಗಂಟು ಗಂಟಾಯ್ತು, ಕ್ಯಾರೆಟ್ ತುರಿ ಎಷ್ಟು ಹೊತ್ತು ಬೇಯಿಸಿದ್ರೂ ಕರಕರ ಅಂತಾನೇ ಇತ್ತು, ತಳದಲ್ಲಿ ನೀರು ಬೇರೆ. ಅಪ್ಪ ಏನೂ ಹೇಳ್ಲಿಲ್ಲ, ಬಟ್ಟಲು ಮಾತ್ರ ಹಾಗೇ ವಾಪಸ್ ಬಂತು.

ತುಪ್ಪ ಸಕ್ಕರೆ ನಿಜವಾಗ್ಲೂ ಎಷ್ಟರ ಮಟ್ಟಿಗೆ ಕಮ್ಮಿ ಮಾಡ್ಬಹುದು? ಮಾಡಿ ನೋಡಿದವರು ಹೇಳಿ ಪ್ಲೀಸ್.

ತುಪ್ಪದದೀಪ
ಒಂದು ಚಮಚ ತುಪ್ಪದಲ್ಲಿ ಆಗಿದ್ದು ಹಲ್ವಾ ಅಲ್ಲ ಸ್ವಾಮಿ, ಕ್ಯಾರೆಟ್ ಪಲ್ಯಕ್ಕೆ ಬೆಲ್ಲ ಬಿದ್ದಿದೆ ಅಷ್ಟೇ.

ಬ್ಯಾಚುಲರ್ಬಾಣಲೆ
😂😂 ಮೇಲಿನವರಿಗೆ ನನ್ನದೊಂದು ಓಟು

ಲ್ಯಾಬ್‌ಕೋಟು
ನಗೋದು ಆಮೇಲೆ, ಆ ವಿಡಿಯೋದವರು ಹೇಳಿದ ಕ್ರಮದಲ್ಲೇ ಎಡವಟ್ಟಿದೆ. ಹಾಲು ಒಡೆದಿದ್ದು ಬೆಲ್ಲದಿಂದ. ಬೆಲ್ಲದಲ್ಲಿ ಸ್ವಲ್ಪ ಆಮ್ಲ, ಜೊತೆಗೆ ಖನಿಜಾಂಶ ಇರುತ್ತೆ, ಕುದಿಯೋ ಹಾಲಿಗೆ ಅದು ಬಿದ್ರೆ ಒಡೆಯೋ ಚಾನ್ಸ್ ಜಾಸ್ತಿ. ಪಾಯಸಕ್ಕೆ ಬೆಲ್ಲ ಹಾಕೋವಾಗ ಒಲೆ ಆರಿಸಿ ಸ್ವಲ್ಪ ಆರಿದ ಮೇಲೆ ಹಾಕ್ತಾರಲ್ಲ, ಅದೇ ಕಾರಣಕ್ಕೆ.

ತುರಿ ಬೇಯದೇ ಇದ್ದದ್ದಕ್ಕೆ ಕಾರಣ ಒಂದಲ್ಲ. ಕ್ಯಾರೆಟ್ ಗಟ್ಟಿಯಾಗಿರೋದು ಅದರೊಳಗಿನ ಪೆಕ್ಟಿನ್ (ಜೀವಕೋಶಗಳನ್ನ ಅಂಟಿಸಿ ಹಿಡಿಯೋ ನಾರಿನಂಶ) ಇಂದ. ಸಿಹಿ ಮೊದಲೇ ಬಿದ್ರೆ ಅದು ನೀರನ್ನ ಹೊರಗೆ ಎಳ್ಕೊಂಡು ತುರಿಯನ್ನ ಬಿಗಿ ಮಾಡುತ್ತೆ, ನಿಮಗೆ ತಳದಲ್ಲಿ ಕಂಡ ನೀರು ಅದೇ. ಹಾಲಿನ ಕ್ಯಾಲ್ಸಿಯಂ ಕೂಡ ಪೆಕ್ಟಿನ್ ಅನ್ನ ಗಟ್ಟಿ ಮಾಡುತ್ತೆ. ಇನ್ನೊಂದು, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ: ಕ್ಯಾರೆಟ್ ಅನ್ನ 55ರಿಂದ 65 ಡಿಗ್ರಿ ಬಿಸೀಲಿ ಬಹಳ ಹೊತ್ತು ಇಟ್ರೆ ಅದರಲ್ಲೇ ಇರೋ ಒಂದು ಕಿಣ್ವ ಕೆಲಸ ಶುರು ಮಾಡಿ ತರಕಾರೀನ ಇನ್ನೂ ಗಟ್ಟಿ ಮಾಡಿಬಿಡುತ್ತೆ, ಆಮೇಲೆ ಎಷ್ಟು ಕುದಿಸಿದ್ರೂ ಸುಲಭಕ್ಕೆ ಮೆತ್ತಗಾಗಲ್ಲ. ತಣ್ಣನೆ ಹಾಲಿಗೆ ತುರಿ ಹಾಕಿ ಸಣ್ಣ ಉರೀಲಿ ನಿಧಾನಕ್ಕೆ ಬಿಸಿ ಮಾಡಿದ್ರೆ ಆಗೋದು ಇದೇ. ಅದಕ್ಕೆ ಮೊದಲು ತುಪ್ಪದಲ್ಲಿ ಜೋರು ಉರೀಲಿ ತುರಿ ಹುರೀರಿ, ಆಮೇಲೆ ಬಿಸಿ ಹಾಲು, ಸಿಹಿ ಕೊನೇಲಿ.

ಸಪ್ಪೆಸಾರು
ಅಬ್ಬಾ, ಇಷ್ಟೆಲ್ಲಾ ಇದೆಯಾ! ಹಾಗಾದ್ರೆ ತುಪ್ಪ ಕಮ್ಮಿ ಹಾಕಿದ್ದು ಕಾರಣ ಅಲ್ವೇ ಅಲ್ಲ ಅಂತೀರಾ?

ಲ್ಯಾಬ್‌ಕೋಟು
ಬೇಯದೇ ಇದ್ದದ್ದಕ್ಕೆ ಅಲ್ಲ. ರುಚಿಗೆ ತುಪ್ಪ ಬೇಕು, ಅದು ಬೇರೆ ವಿಷಯ.

ಡಯಟ್‌ದಾಸಪ್ಪ
ನನ್ನ ಸಲಹೆ: ತುಪ್ಪ ಪೂರ್ತಿ ಬಿಡಿ, ಹಾಲು ಬಿಡಿ, ಬಾದಾಮಿ ಹಾಲು ಹಾಕಿ, ಸಕ್ಕರೆ ವಿಷ ಅದನ್ನ ಮುಟ್ಟಲೇಬೇಡಿ, ಬೆಲ್ಲ ಅಥವಾ ಖರ್ಜೂರ ಎಷ್ಟು ಬೇಕಾದ್ರೂ ಹಾಕಿ ನ್ಯಾಚುರಲ್ ಅದು ಏನೂ ಆಗಲ್ಲ, ಶುಗರ್ ಇರೋವರಿಗೂ ಒಳ್ಳೇದು

ಲೆಕ್ಕದಮೇಷ್ಟ್ರು
ದಾಸಪ್ಪನವರೇ, "ಎಷ್ಟು ಬೇಕಾದ್ರೂ" ಅನ್ನೋ ಪದ ವಾಪಸ್ ತಗೊಳ್ಳಿ. ನೂರು ಗ್ರಾಂ ಸಕ್ಕರೆಗೆ ಸುಮಾರು 400 ಕ್ಯಾಲೊರಿ, ನೂರು ಗ್ರಾಂ ಬೆಲ್ಲಕ್ಕೆ 380ರ ಆಸುಪಾಸು. ಬೆಲ್ಲದಲ್ಲಿ ಬಹುಪಾಲು ಇರೋದೂ ಅದೇ ಸುಕ್ರೋಸು. ಸ್ವಲ್ಪ ಕಬ್ಬಿಣ, ಸ್ವಲ್ಪ ಪೊಟ್ಯಾಷಿಯಂ ಇದೆ ಒಪ್ಪೋಣ, ಆದ್ರೆ ಸಕ್ಕರೆ ಕಾಯಿಲೆ ಇರೋವರ ರಕ್ತಕ್ಕೆ ಅದು ಬೆಲ್ಲ ಇದು ಸಕ್ಕರೆ ಅಂತ ವ್ಯತ್ಯಾಸ ಗೊತ್ತಾಗಲ್ಲ. ಖರ್ಜೂರ ನೂರು ಗ್ರಾಂಗೆ 280 ಹತ್ರ, ನಾರು ಇದೆ, ಸಕ್ಕರೆಗಿಂತ ವಾಸಿ, ಆದ್ರೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ದಯವಿಟ್ಟು ಶುಗರ್ ಇರೋ ಹಿರಿಯರ ಮನೆಗೆ ಈ ಥರ ಸಲಹೆ ಕೊಡಬೇಡಿ. 2023ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಮೀರಿ ಜನಕ್ಕೆ ಮಧುಮೇಹ ಇದೆ, ಅದರಲ್ಲಿ ಎಷ್ಟು ಮನೇಲಿ "ಬೆಲ್ಲ ತಾನೇ" ಅಂತ ಬಡಿಸ್ತಿದ್ದಾರೋ.

ಡಯಟ್‌ದಾಸಪ್ಪ
ನಮ್ಮ ತಾತ ದಿನಾ ಬೆಲ್ಲ ತಿಂದು 90 ವರ್ಷ ಬದುಕಿದ್ರು

ಬ್ಯಾಚುಲರ್ಬಾಣಲೆ
ನಿಮ್ಮ ತಾತ ದಿನಾ ಎಂಟು ಗಂಟೆ ಕೂತು ಲ್ಯಾಪ್‌ಟಾಪ್ ಕುಟ್ಟುತ್ತಿದ್ರಾ ಗುರು

ಅಡುಗೆಭಟ್ಟ
ನಾನು ಮದುವೆ ಮುಂಜಿ ಅಡುಗೆ ಕಾಂಟ್ರಾಕ್ಟ್ ಮಾಡೋನು, ಸ್ವಲ್ಪ ಉದ್ದ ಬರೀತೀನಿ ಬೇಜಾರಾಗಬೇಡಿ. ಛತ್ರದಲ್ಲಿ ನಾವು ಮಾಡೋ ಲೆಕ್ಕ ಒಂದು ಕೆಜಿ ಕ್ಯಾರೆಟ್‌ಗೆ ಒಂದು ಲೀಟರ್ ಗಟ್ಟಿ ಹಾಲು, ಕಾಲು ಕೆಜಿ ಸಕ್ಕರೆ, ನೂರು ಗ್ರಾಂ ತುಪ್ಪ, ಇನ್ನೂರು ಗ್ರಾಂ ಖೋವಾ, ಮೇಲೆ ದ್ರಾಕ್ಷಿ ಗೋಡಂಬಿ. ಇಷ್ಟೆಲ್ಲಾ ಬರೀ ರುಚಿಗೆ ಅಂತ ತಿಳ್ಕೋಬೇಡಿ, ಖೋವಾ ಸಕ್ಕರೆ ಹಾಕಿದ್ರೆ ತೂಕ ಬರುತ್ತೆ, ಹೊಳಪು ಬರುತ್ತೆ, ಬೆಳಿಗ್ಗೆ ಮಾಡಿದ್ದು ರಾತ್ರಿವರೆಗೂ ಕೆಡಲ್ಲ. ಮನೇಲಿ ಅದ್ಯಾವುದೂ ಬೇಕಾಗಿಲ್ಲ. ಮನೆಗೆ ಮಾಡೋವಾಗ ನಾನೇ ಹೀಗೆ ಮಾಡೋದು.

ಒಂದು ಕೆಜಿ ಕ್ಯಾರೆಟ್ ಸಿಪ್ಪೆ ಹೆರೆದು ದಪ್ಪ ಕಣ್ಣಿನ ತುರಿಮಣೇಲಿ ತುರೀರಿ. ಸಣ್ಣ ಕಣ್ಣಲ್ಲಿ ತುರಿದ್ರೆ ಪೇಸ್ಟ್ ಆಗುತ್ತೆ. ದಪ್ಪ ಕ್ಯಾರೆಟ್ ಆದ್ರೆ ನಡುವಿನ ಹಳದಿ ದಿಂಡು ಬಿಟ್ಟು ಸುತ್ತ ಮಾತ್ರ ತುರೀಬೇಕು, ಆ ದಿಂಡು ಸಾರಿಗೆ ಹಾಕ್ಕೊಳ್ಳಿ. ರಸ ಹಿಂಡಬೇಡಿ, ಬೇಗ ಆಗ್ಲಿ ಅಂತ ಹಿಂಡ್ತಾರೆ ಕೆಲವರು, ಕ್ಯಾರೆಟ್ಟಿನ ಸಿಹಿ ಎಲ್ಲಾ ಅದರಲ್ಲೇ ಹೋಗುತ್ತೆ ಆಮೇಲೆ ಸಕ್ಕರೆ ಸುರೀತಾರೆ. ದಪ್ಪ ತಳದ ಬಾಣಲೇಲಿ ಒಂದೂವರೆ ದೊಡ್ಡ ಚಮಚ ತುಪ್ಪ, ಜೋರು ಉರೀಲಿ ತುರಿಯನ್ನ ಹಸಿ ವಾಸನೆ ಹೋಗೋವರೆಗೂ, ಒಂದೆಂಟು ಹತ್ತು ನಿಮಿಷ ಹುರೀರಿ. ಬಣ್ಣ ಸ್ವಲ್ಪ ಗಾಢ ಆಗಿ ತುರಿ ಅರ್ಧಕ್ಕೆ ಇಳಿಯುತ್ತೆ. ಇಲ್ಲಿ ಅವಸರ ಮಾಡಿದ್ರೆ ಕೆಟ್ಟಿತು. ಆಮೇಲೆ ಬೇರೆ ಪಾತ್ರೇಲಿ ಕಾಯಿಸಿ ಮುಕ್ಕಾಲು ಲೀಟರ್ ಇಟ್ಕೊಂಡಿರೋ ಬಿಸಿ ಹಾಲು ಹಾಕಿ, ನಂದಿನಿ ನೀಲಿ ಪ್ಯಾಕೆಟ್ (ಟೋನ್ಡ್) ಸಾಕು. ಮಧ್ಯಮ ಉರಿ. ಕೆನೆ ಕಮ್ಮಿ ಇರೋ ಹಾಲು ಬೇಗ ತಳ ಹಿಡಿಯುತ್ತೆ, ಅದಕ್ಕೆ ಅಂಚಿಗೆ ಅಂಟಿದ್ದನ್ನ ಸಟ್ಟುಗದಲ್ಲಿ ಕೆರೆದು ಕೆರೆದು ಒಳಗೆ ತಳ್ತಾ ಇರಿ, ಅದೇ ನಿಮಗೆ ಖೋವಾ. ಹಾಲು ಪೂರ್ತಿ ಇಂಗಿ ತುರಿಗೆ ರವೆ ರವೆಯಾಗಿ ಹತ್ತಿಕೊಂಡ ಮೇಲೆ ಸಕ್ಕರೆ, ಎಂಬತ್ತು ಗ್ರಾಂ. ಸಕ್ಕರೆ ಬಿದ್ದ ತಕ್ಷಣ ಮತ್ತೆ ನೀರಾಗುತ್ತೆ ಹೆದರಬೇಡಿ, ಇನ್ನೊಂದೈದು ನಿಮಿಷ ಕೈಯಾಡಿಸಿ. ಉಳಿದ ಅರ್ಧ ಚಮಚ ತುಪ್ಪ ಕೊನೇಲಿ, ಒಲೆ ಆರಿಸಿದ ಮೇಲೆ, ಏಲಕ್ಕಿ ಪುಡಿ ಜೊತೆ. ಮೂಗಿಗೆ ತುಪ್ಪ ಸಿಗಬೇಕು, ಬಾಯಿಗೆ ಅಲ್ಲ.

ಒಂದು ಎಚ್ಚರಿಕೆ. ಎಲ್ಲಾ ರೆಸಿಪಿಲೂ "ತುಪ್ಪ ಬಿಡೋವರೆಗೂ ಬಾಡಿಸಿ" ಅಂತ ಇರುತ್ತೆ. ಈ ಹಲ್ವಾದಲ್ಲಿ ತುಪ್ಪ ಬಿಡೋದೇ ಇಲ್ಲ, ಇದ್ರೆ ತಾನೇ ಬಿಡೋದು. ಅದಕ್ಕೆ ಕಾಯ್ತಾ ಕೂತವರು ಕೊನೆಗೆ ಸೋತು ಇನ್ನೆರಡು ಸೌಟು ತುಪ್ಪ ಹಾಕ್ತಾರೆ. ಸಟ್ಟುಗದಲ್ಲಿ ನಡುವೆ ಗೆರೆ ಎಳೀರಿ, ತಳ ಕಂಡು ಎರಡು ಕಡೆಯಿಂದ ನೀರು ಹರಿದು ಬರ್ಲಿಲ್ಲ ಅಂದ್ರೆ ಆಯ್ತು ಅಂತ ಅರ್ಥ.

ಹುಬ್ಬಳ್ಳಿಹುಡುಗಿ
ಭಟ್ರ, ಭಾಳ ಛಲೋ ಬರದೀರಿ. ನಮ್ಮ ಕಡೆ ಗಜ್ಜರಿ ಹಲ್ವಾಕ್ಕ ಖೋವಾ ಹಾಕಲಿಲ್ಲಂದ್ರ ಮನಿ ಮಂದಿ ಮಾರಿ ನೋಡೂದಿಲ್ರೀ. ಆದ್ರ ಆ ಕೆರದು ಕೆರದು ಒಳಗ ಹಾಕೂ ಮಾತು ಖರೆ, ನಮ್ಮವ್ವನೂ ಹಂಗ ಮಾಡತಿದ್ಲು. ಒಂದ ಪ್ರಶ್ನಾ, ಖೋವಾ ಬದಲಿ ಹಾಲಿನ ಪುಡಿ ಹಾಕಿದ್ರ ನಡೀತದೇನ್ರಿ?

ಅಡುಗೆಭಟ್ಟ
ನಡೆಯುತ್ತೆ ಅಕ್ಕ. ಕೆನೆರಹಿತ ಹಾಲಿನ ಪುಡಿ ಎರಡು ಚಮಚ, ಸಕ್ಕರೆ ಹಾಕೋದಕ್ಕೆ ಸ್ವಲ್ಪ ಮುಂಚೆ ಉದುರಿಸಿ. ಸ್ವಲ್ಪ ಹಾಲಲ್ಲಿ ಕದಡಿ ಹಾಕಿದ್ರೆ ಗಂಟಾಗಲ್ಲ. ಪುಡೀಲೇ ಅರ್ಧದಷ್ಟು ಹಾಲಿನ ಸಕ್ಕರೆ ಇರುತ್ತೆ, ಹಾಗಾಗಿ ಸಕ್ಕರೆ ಒಂದು ಚಮಚ ಇಳಿಸಿ.

ಮಿಲ್ಕ್‌ಮೇಡ್‌ಮಂಜಿ
ಇಷ್ಟೆಲ್ಲಾ ಯಾಕೆ, ಅರ್ಧ ಡಬ್ಬ ಕಂಡೆನ್ಸ್ಡ್ ಮಿಲ್ಕ್ ಹಾಕಿ ಹತ್ತು ನಿಮಿಷದಲ್ಲಿ ಹಲ್ವಾ ರೆಡಿ, ಸಕ್ಕರೇನೂ ಹಾಕೋದು ಬೇಡ 😊

ಲೆಕ್ಕದಮೇಷ್ಟ್ರು
ಡಬ್ಬದ ಹಿಂದೆ ಓದಿ ಮೇಡಂ. ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಅದು. ನೀವು ಹಾಕಿಲ್ಲ, ಕಂಪನಿಯವರು ಹಾಕಿದ್ದಾರೆ.

ಮಿಲ್ಕ್‌ಮೇಡ್‌ಮಂಜಿ
ಅಯ್ಯೋ ರಾಮ

ಕರಾವಳಿಕಡಲು
ನಮ್ಮ ಊರಲ್ಲಿ ಹಾಲಿಗಿಂತ ಕಾಯಿಹಾಲು ಹಾಕಿ ಮಾಡುವುದುಂಟು ಮಾರಾಯ್ರೆ, ಬೆಲ್ಲಕ್ಕೆ ಒಡೆಯುವ ರಗಳೆಯೂ ಇಲ್ಲ, ಪರಿಮಳ ಅಂದ್ರೆ ಎಂಥ ಪರಿಮಳ. ಹಾಲು ಆಗದವರಿಗೂ ಆಯ್ತು. ಲೈಟ್ ಅಂತ ಹೇಳ್ಬಹುದಲ್ಲ?

ಲ್ಯಾಬ್‌ಕೋಟು
ಪರಿಮಳಕ್ಕೆ ಸೈ. ಲೈಟ್ ಅನ್ನೋದಕ್ಕೆ ಮಾತ್ರ ಸೈ ಅನ್ನೋಕಾಗಲ್ಲ, ಮೊದಲನೇ ಸಲ ಹಿಂಡಿದ ಗಟ್ಟಿ ಕಾಯಿಹಾಲು ನೂರು ಗ್ರಾಂಗೆ 200 ಕ್ಯಾಲೊರಿ ದಾಟುತ್ತೆ. ಟೋನ್ಡ್ ಹಾಲು 58 ಅಷ್ಟೇ. ಅಲ್ಲದೆ ತೆಂಗಿನ ಕೊಬ್ಬಲ್ಲಿ ಹತ್ತಿರ ಹತ್ತಿರ 90 ಪರ್ಸೆಂಟ್ ಸ್ಯಾಚುರೇಟೆಡ್ (ಕೊಲೆಸ್ಟ್ರಾಲ್ ಏರಿಸೋ ಥರದ್ದು), ತುಪ್ಪದಲ್ಲಿ 60ರ ಮೇಲೆ. ಇವರ ಅಮ್ಮಂಗೆ ಕೊಲೆಸ್ಟ್ರಾಲ್ ಇದೆಯಲ್ಲ. ಎರಡನೇ ಸಲ, ಮೂರನೇ ಸಲ ಹಿಂಡಿದ ತೆಳು ಹಾಲಲ್ಲಿ ಬೇಯಿಸಿ, ಗಟ್ಟಿ ಹಾಲು ಕೊನೇಲಿ ಒಂದೆರಡು ಚಮಚ ಹಾಕಿದ್ರೆ ಆಗಬಹುದು.

ಕರಾವಳಿಕಡಲು
ಅದು ಸರಿ, ಹಾಗೆ ಮಾಡಿ ನೋಡ್ಲಿಕ್ಕೆ ಅಡ್ಡಿಯಿಲ್ಲ. ಆದ್ರೆ ಒಂದು ಮಾತು, ನಮ್ಮ ಕಾಶಿ ಹಲ್ವದ ಎದುರು ಈ ಕ್ಯಾರೆಟ್ ಎಲ್ಲ ಎಂಥದು? ಬೂದುಗುಂಬಳದಲ್ಲಿ ನೀರು ಬಿಟ್ರೆ ಏನೂ ಇಲ್ಲ, ಅದಕ್ಕಿಂತ ಲೈಟ್ ತರಕಾರಿ ಯಾವುದುಂಟು ಹೇಳಿ.

ತುಪ್ಪದದೀಪ
ತರಕಾರಿ ಲೈಟೇ. ಅದಕ್ಕೆ ಸುರಿಯೋ ಸಕ್ಕರೆ ತುಪ್ಪ ನೋಡಿದ್ದೀರಾ ಕಡಲಣ್ಣ?

ಹುಬ್ಬಳ್ಳಿಹುಡುಗಿ
ಕಾಶಿ ಹಲ್ವಾನೂ ಬ್ಯಾಡ ಕ್ಯಾರೆಟ್ಟೂ ಬ್ಯಾಡ, ಬೆಳಗಾವಿ ಕುಂದಾ ತಿನ್ರಿ, ವಾದ ಮುಗೀತು

ಮೈಸೂರ್ಮಲ್ಲಿಗೆ
ಕುಂದಾ ಲೈಟಾ?? ಹಾಲನ್ನ ಗಂಟೆಗಟ್ಟಲೆ ಬತ್ತಿಸಿ ಕಂದು ಬಣ್ಣಕ್ಕೆ ತಿರುಗಿಸಿ ಮಾಡೋದು ಅದು

ಹುಬ್ಬಳ್ಳಿಹುಡುಗಿ
ಲೈಟ್ ಅಂತ ಯಾರ ಅಂದ್ರ್ರೀ, ತಿನ್ರಿ ಅಂದೆ

ನಿರ್ವಾಹಕ
ಕುಂದಾ, ಧಾರವಾಡ ಪೇಡ, ಮೈಸೂರ್ ಪಾಕ್ ಜಗಳಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಕ್ಯಾರೆಟ್ ಮಾತ್ರ. ಇಬ್ಬರ ಜಾತಿ ಊರು ಎತ್ತಿದ ಎರಡು ಪೋಸ್ಟ್ ತೆಗೆದಿದ್ದೀನಿ.

ಲೆಕ್ಕದಮೇಷ್ಟ್ರು
ಭಟ್ಟರು ಕೊಟ್ಟ ಎರಡೂ ಅಳತೆ ಇಟ್ಕೊಂಡು ಕೂತು ಲೆಕ್ಕ ಹಾಕಿದೆ. ಛತ್ರದ ಹಲ್ವಾ: ಕ್ಯಾರೆಟ್ 400, ಕೆನೆಭರಿತ ಹಾಲು 870, ಸಕ್ಕರೆ 1,000, ತುಪ್ಪ 900, ಖೋವಾ ಸುಮಾರು 700, ದ್ರಾಕ್ಷಿ ಗೋಡಂಬಿ ಐವತ್ತು ಗ್ರಾಂ ಅಂದ್ರೆ 300ರ ಒಳಗೆ ಹೊರಗೆ. ಒಟ್ಟು 4,200 ಹತ್ತಿರ. ಮನೆ ಹಲ್ವಾ: ಕ್ಯಾರೆಟ್ 400, ಟೋನ್ಡ್ ಹಾಲು ಮುಕ್ಕಾಲು ಲೀಟರ್ 435, ಸಕ್ಕರೆ 320, ತುಪ್ಪ ಎರಡು ದೊಡ್ಡ ಚಮಚ 250, ಗೋಡಂಬಿ ಇಪ್ಪತ್ತೈದು ಗ್ರಾಂ 150. ಒಟ್ಟು 1,550 ಅಂದ್ಕೊಳ್ಳಿ. ಅರ್ಧಕ್ಕಿಂತ ತುಂಬಾ ಕಮ್ಮಿ, ಚಪ್ಪಾಳೆ.

ಈಗ ಚಪ್ಪಾಳೆ ನಿಲ್ಲಿಸಿ. ಛತ್ರದ ಹಲ್ವಾ ಇಳಿಸಿದಾಗ 1,200 ಗ್ರಾಂ ಹತ್ರ ತೂಗುತ್ತೆ, ಮನೇದು 600 ಗ್ರಾಂ ಸ್ವಲ್ಪ ಮೇಲೆ. ಯಾಕೆ ಅಂದ್ರೆ ಖೋವಾ ಇಲ್ಲ, ಸಕ್ಕರೆ ತುಪ್ಪ ಕಮ್ಮಿ, ಉಳಿದಿದ್ದು ನೀರು, ಅದು ಆವಿಯಾಗಿ ಹೋಯ್ತು. ಅಂದ್ರೆ ನೂರು ಗ್ರಾಂ ಲೆಕ್ಕದಲ್ಲಿ ನೋಡಿದ್ರೆ ಅಲ್ಲಿ 350, ಇಲ್ಲಿ 250. ಅದೇ ದೊಡ್ಡ ಬಟ್ಟಲಲ್ಲಿ ತುಂಬಿಸಿ "ಲೈಟ್ ತಾನೇ" ಅಂತ ಎರಡನೇ ಸಲ ಹಾಕಿಸ್ಕೊಂಡ್ರೆ ಛತ್ರದ ಹಲ್ವಾನ ಒಂದು ಸಲ ತಿಂದಿದ್ದಕ್ಕಿಂತ ಜಾಸ್ತಿ ಒಳಗೆ ಹೋಗುತ್ತೆ. ಮನೇಲಿ ಲೈಟ್ ಅಂತ ಹೆಸರಿಟ್ಟ ಎಲ್ಲಾ ತಿಂಡೀಲೂ ಇದೇ ಕಥೆ.

ತುಪ್ಪದದೀಪ
ನಾನು ಹೇಳ್ಬೇಕು ಅಂತಿದ್ದಿದ್ದೂ ಅದೇ ಮೇಷ್ಟ್ರೇ! ಒಳ್ಳೆ ತುಪ್ಪದ ಹಲ್ವಾ ಎರಡು ಚಮಚ ತಿಂದು ಎದ್ದು ಹೋಗೋದು ವಾಸಿ, ಸಪ್ಪೆ ಹಲ್ವಾ ಬಟ್ಟಲು ತುಂಬಾ ತಿಂದು ಮನಸ್ಸಿಗೂ ಸಮಾಧಾನ ಇಲ್ಲ ಹೊಟ್ಟೆಗೂ ಇಲ್ಲ.

ಲೆಕ್ಕದಮೇಷ್ಟ್ರು
ನೀವು ಎರಡೇ ಚಮಚಕ್ಕೆ ಎದ್ದು ಹೋಗ್ತೀರಾ?

ತುಪ್ಪದದೀಪ
ಅದು ಬೇರೆ ಪ್ರಶ್ನೆ

ಸಕ್ಕರೆಸಂಗಾತಿ
ನನಗೆ ಟೈಪ್ 2 ಇದೆ, ಮನೇಲಿ ಗ್ಲುಕೋಮೀಟರ್ ಇದೆ, ಹಾಗಾಗಿ ಸ್ವಲ್ಪ ಅನುಭವದ ಮಾತು. ಸಪ್ಪೆಸಾರು ಅವರೇ, ಮೇಷ್ಟ್ರ ಲೆಕ್ಕದ ಆರು ನೂರು ಗ್ರಾಂ ಹಲ್ವಾನ ಹತ್ತು ಪಾಲು ಮಾಡಿದ್ರೆ ಒಂದು ಪಾಲಿಗೆ ನೀವು ಹಾಕಿದ ಸಕ್ಕರೆ 8 ಗ್ರಾಂ. ಆದ್ರೆ ಕ್ಯಾರೆಟ್ಟಿನದೇ ಸಕ್ಕರೆ ನಾಲ್ಕೂವರೆ ಗ್ರಾಂ ಮೇಲಿದೆ, ಹಾಲಿನದು ಮೂರೂವರೆ. ಒಟ್ಟು 16 ಗ್ರಾಂ. ಅಪ್ಪಂಗೆ ಬಡಿಸೋವಾಗ 8 ಅಂತಲ್ಲ 16 ಅಂತ ಲೆಕ್ಕ ಇಟ್ಕೊಳ್ಳಿ. ನಾನು ಹಲ್ವಾ ತಿನ್ನೋ ದಿನ ಊಟದಲ್ಲಿ ಅನ್ನ ಒಂದು ಸೌಟು ಕಮ್ಮಿ ಮಾಡ್ತೀನಿ, ಮತ್ತೆ ಊಟ ಆದ ಮೇಲೆ ತಿಂತೀನಿ, ಖಾಲಿ ಹೊಟ್ಟೇಲಿ ಸಂಜೆ ಕಾಫಿ ಜೊತೆ ಮಾತ್ರ ಬೇಡ. ಪ್ರತಿಯೊಬ್ಬರ ಮೈ ಬೇರೆ, ಒಂದು ಸಲ ತಿಂದು ಎರಡು ಗಂಟೆ ಬಿಟ್ಟು ಚೆಕ್ ಮಾಡಿ ನೋಡ್ಲಿ, ಡಾಕ್ಟ್ರಿಗೂ ಒಂದು ಮಾತು ಹೇಳಿ.

ಮೈಸೂರ್ಮಲ್ಲಿಗೆ
ಶುಗರ್ ಇರೋರು ಕ್ಯಾರೆಟ್ಟೇ ತಿನ್ನಬಾರ್ದು ಅಂತಾರಲ್ಲ, ಗ್ಲೈಸೆಮಿಕ್ ಇಂಡೆಕ್ಸ್ (ರಕ್ತದ ಸಕ್ಕರೆ ಎಷ್ಟು ಏರಿಸುತ್ತೆ ಅನ್ನೋ ಅಂಕ) ಜಾಸ್ತಿ ಅಂತ?

ಲ್ಯಾಬ್‌ಕೋಟು
ಅದು 1981ರ ಮೊದಲ ಪಟ್ಟಿಯ ಕಥೆ. ಅದರಲ್ಲಿ ಕ್ಯಾರೆಟ್‌ಗೆ 92 ಅಂತ ಕೊಟ್ಟಿದ್ರು. ಆಮೇಲೆ ಅಳೆದಾಗ ಅದರ ಅರ್ಧದಷ್ಟು ಅಥವಾ ಇನ್ನೂ ಕಮ್ಮಿ ಬಂತು. ಆದ್ರೆ ಹಳೇ ಮಾತು ಮಾತ್ರ ಹಾಗೇ ಓಡಾಡ್ತಿದೆ. ನೂರು ಗ್ರಾಂ ಹಸಿ ಕ್ಯಾರೆಟ್ಟಲ್ಲಿ 41 ಕ್ಯಾಲೊರಿ, 88 ಪಾಲು ನೀರು, 2.8 ಗ್ರಾಂ ನಾರು. ಹಲ್ವಾದಲ್ಲಿ ತೊಂದರೆ ಮಾಡೋದು ಕ್ಯಾರೆಟ್ ಅಲ್ಲ.

ಜಿಮ್‌ಗಿರಿ
ಸ್ಟೀವಿಯಾ (ಎಲೆಯಿಂದ ತೆಗೆಯೋ ಸಿಹಿ) ಹಾಕಿ ಬ್ರೋ, ಜೀರೋ ಕ್ಯಾಲೊರಿ, ಪ್ರಾಬ್ಲಂ ಸಾಲ್ವ್

ಅಡುಗೆಭಟ್ಟ
ಗಿರಿ, ನಾನೊಬ್ಬರ ಮನೆಗೆ ಅವರು ಕೇಳಿದ್ರು ಅಂತ ಅದನ್ನೇ ಹಾಕಿ ಮಾಡಿಕೊಟ್ಟೆ. ಸಿಹಿ ಬಂತು, ಆದ್ರೆ ನಾಲಿಗೆ ಹಿಂದೆ ಒಂಥರಾ ಕಹಿ ನಿಲ್ಲುತ್ತೆ. ಹೊಳಪು ಇಲ್ಲ, ತುರಿ ತುರಿ ಬಿಡಿಬಿಡಿ ನಿಲ್ಲುತ್ತೆ, ಸಕ್ಕರೆ ಪಾಕ ಹಿಡಿದು ಒಂದಾಗುತ್ತಲ್ಲ ಅದು ಆಗಲ್ಲ.

ಡಯಟ್‌ದಾಸಪ್ಪ
ಆ ಸ್ವೀಟ್ನರ್ ಎಲ್ಲಾ ತಿನ್ನಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳಿದೆ!! ಗೂಗಲ್ ಮಾಡಿ!!

ಲ್ಯಾಬ್‌ಕೋಟು
ಅರ್ಧ ಓದಿದ್ದೀರಿ. 2023ರ ಮೇನಲ್ಲಿ ಅವರು ಹೇಳಿದ್ದು ತೂಕ ಇಳಿಸೋಕೆ ಅಂತ ಇವನ್ನ ನೆಚ್ಚಿಕೊಳ್ಳಬೇಡಿ ಅಂತ, ಸ್ಟೀವಿಯಾನೂ ಅದರಲ್ಲಿ ಸೇರಿದೆ ನಿಜ. ಆದ್ರೆ ಈಗಾಗ್ಲೇ ಮಧುಮೇಹ ಇರೋವರಿಗೆ ಆ ಸಲಹೆ ಅನ್ವಯಿಸಲ್ಲ ಅಂತ ಅದರಲ್ಲೇ ಬರೆದಿದ್ದಾರೆ. ಸಕ್ಕರೆ ವಿಷಯಕ್ಕೆ ಅವರದು 2015ರ ಮಾರ್ಗಸೂಚಿ ಇದೆ, ದಿನದ ಒಟ್ಟು ಕ್ಯಾಲೊರೀಲಿ ಹತ್ತನೇ ಒಂದು ಪಾಲಿಗಿಂತ ಕಮ್ಮಿ, ಆದ್ರೆ 5 ಪರ್ಸೆಂಟ್‌ಗಿಂತ ಕಮ್ಮಿ ಇನ್ನೂ ಒಳ್ಳೇದು ಅಂತ, ಅಂದ್ರೆ ಸುಮಾರು 25 ಗ್ರಾಂ.

ಗಿರಿ, ಮಾಡೋದೇ ಆದ್ರೆ ಅರ್ಧ ಸಕ್ಕರೆ ಅರ್ಧ ಸ್ಟೀವಿಯಾ ಮಾಡಿ. ಕೆಲವು ಸಿಹಿ ಮಾತ್ರೆಗಳಲ್ಲಿ ಆಸ್ಪರ್ಟೇಮ್ ಇರುತ್ತೆ, ಅದು ಕಾಯಿಸಿದ್ರೆ ಸಿಹಿ ಕಳ್ಕೊಳ್ಳುತ್ತೆ, ಒಲೆ ಮೇಲೆ ಹಾಕಬೇಡಿ.

ಹೊಸಕೋಟೆರೈತ
ಯಾರೂ ಕ್ಯಾರೆಟ್ ಬಗ್ಗೆನೇ ಮಾತಾಡ್ತಿಲ್ಲವಲ್ಲ. ಸಕ್ಕರೆ ಕಮ್ಮಿ ಮಾಡ್ಬೇಕು ಅಂದ್ರೆ ಮೊದಲು ಸಿಹಿ ಇರೋ ಕ್ಯಾರೆಟ್ ತರಬೇಕು. ವರ್ಷವಿಡೀ ಸಿಗೋ ಕಿತ್ತಳೆ ಬಣ್ಣದ್ದು ಬೇರೆ, ಚಳಿಗಾಲದಲ್ಲಿ ಉತ್ತರದಿಂದ ಬರೋ ಉದ್ದನೆ ಕೆಂಪು ಡೆಲ್ಲಿ ಕ್ಯಾರೆಟ್ ಬೇರೆ. ಡಿಸೆಂಬರಿಂದ ಫೆಬ್ರವರಿವರೆಗೆ ಅದು ಸಿಕ್ರೆ ಬಿಡಬೇಡಿ, ರಸ ಜಾಸ್ತಿ, ಸಿಹಿ ಜಾಸ್ತಿ, ಗಜರ್ ಹಲ್ವಾ ಅಂತ ಉತ್ತರದವರು ಮಾಡೋದೇ ಅದರಲ್ಲಿ. ಆ ಕೆಂಪು ಬರೋದು ಲೈಕೋಪೀನ್ ಇಂದ, ಟೊಮೆಟೊದಲ್ಲಿ ಇರೋದೇ. ಕಿತ್ತಳೆದಕ್ಕೆ ಬೀಟಾ ಕೆರೋಟಿನ್. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರದೇ ಪೂಸಾ ಕೇಸರ್, ಪೂಸಾ ರುಧಿರಾ ಅಂತ ಕೆಂಪು ತಳಿಗಳಿವೆ, ಪೂಸಾ ಅಸಿತಾ ಅಂತ ಕಪ್ಪು ತಳಿನೂ ಇದೆ.

ಅಂಗಡೀಲಿ ಆರಿಸೋವಾಗ ತೆಳ್ಳಗೆ ಉದ್ದ ಇರೋದು ತಗೊಳ್ಳಿ, ತಲೆ ಭಾಗ ಹಸಿರಾಗಿರೋದು ಬೇಡ, ಬಿಸಿಲು ಬಿದ್ದು ಕಹಿ ಬಂದಿರುತ್ತೆ. ಒಂದು ಚೂರು ಮುರಿದು ಬಾಯಿಗೆ ಹಾಕ್ಕೊಳ್ಳಿ, ಅಂಗಡಿಯವನು ಬೈದ್ರೆ ಬೈಸ್ಕೊಳ್ಳಿ.

ಬ್ಯಾಚುಲರ್ಬಾಣಲೆ
ಕಪ್ಪು ಕ್ಯಾರೆಟ್ ಹಲ್ವಾ?? ನೋಡೋಕೆ ಹೇಗಿರುತ್ತೆ

ಹೊಸಕೋಟೆರೈತ
ಲಖನೌ ಕಡೆ ಚಳಿಗಾಲದಲ್ಲಿ ಮಾಡ್ತಾರೆ, ಕಡು ನೇರಳೆ, ಹೆಚ್ಚುಕಮ್ಮಿ ಕಪ್ಪೇ. ತುರಿದ ಕೈ ಎರಡು ದಿನ ಹಾಗೇ ಇರುತ್ತೆ.

ಮೈಸೂರ್ಮಲ್ಲಿಗೆ
ಭಟ್ಟರೇ ಕುಕ್ಕರಲ್ಲಿ ಮಾಡ್ಬಹುದಾ? ಅಷ್ಟು ಹೊತ್ತು ನಿಂತು ತಿರುವೋಕೆ ಮಂಡಿ ಬಿಡಲ್ಲ. ಒಂದು ಸೀಟಿ ಕೂಗಿಸಿ ಆಮೇಲೆ ಹಾಲು ಹಾಕಿದ್ರೆ?

ಅಡುಗೆಭಟ್ಟ
ಮಾಡ್ಬಹುದಮ್ಮ. ತುಪ್ಪದಲ್ಲಿ ಹುರಿದ ಮೇಲೆ ಅರ್ಧ ಲೋಟ ಹಾಲು ಹಾಕಿ ಒಂದೇ ಸೀಟಿ, ಎರಡಾದ್ರೆ ಮುದ್ದೆ. ತಣ್ಣಗಾದ ಮೇಲೆ ಮುಚ್ಚಳ ತೆಗೆದು ಉಳಿದ ಹಾಲನ್ನ ಬೇರೆ ಒಲೇಲಿ ಬತ್ತಿಸಿಟ್ಟಿದ್ದು ಸೇರಿಸಿ. ಅರ್ಧ ಹೊತ್ತು ಉಳಿಯುತ್ತೆ. ರುಚಿ ಒಂದು ಮೆಟ್ಟಿಲು ಕೆಳಗೆ, ಆದ್ರೂ ತಿನ್ನೋ ಹಾಗಿರುತ್ತೆ.

ತುಪ್ಪದದೀಪ
ಹುರಿಯೋಕೂ ತುಪ್ಪ ಬೇಡ, ಬರೀ ಬಾಣಲೇಲಿ ಹುರೀತೀವಿ ಅನ್ನೋರು ಬರೋ ಮುಂಚೆ ನಾನೇ ಹೇಳ್ತೀನಿ, ಕ್ಯಾರೆಟ್ಟಿನ ಎ ವಿಟಮಿನ್ ಅಂಶ ಮೈಗೆ ಹತ್ತಬೇಕಾದ್ರೆ ಕೊಬ್ಬು ಬೇಕು. ಲ್ಯಾಬ್ ಕೋಟು, ಇದಾದ್ರೂ ಒಪ್ಪಿ.

ಲ್ಯಾಬ್‌ಕೋಟು
ಒಪ್ಪಿದೆ. ಬೇಯಿಸಿದ್ರೂ ಹೀರಿಕೊಳ್ಳೋದು ಜಾಸ್ತಿಯಾಗುತ್ತೆ. ಆದ್ರೆ ಅದಕ್ಕೆ ನಾಲ್ಕೈದು ಗ್ರಾಂ ಕೊಬ್ಬು ಸಾಕು, ಭಟ್ಟರ ಎರಡು ಚಮಚ ಪ್ಲಸ್ ಹಾಲು ಪ್ಲಸ್ ಗೋಡಂಬಿ ಹಂಚಿದ್ರೆ ಒಂದು ಪಾಲಿಗೆ ಅಷ್ಟು ಬಂದೇ ಬರುತ್ತೆ. ನೂರು ಗ್ರಾಂ ತುಪ್ಪಕ್ಕೆ ಇದನ್ನ ನೆಪ ಮಾಡ್ಕೋಬೇಡಿ.

ತುಪ್ಪದದೀಪ
ಒಪ್ಪಿದ್ರಲ್ಲ, ಸಾಕು. ಉಳಿದಿದ್ದು ಓದಿಲ್ಲ.

ಸಪ್ಪೆಸಾರು
ಭಟ್ಟರ ಅಳತೆಯಲ್ಲೇ ನಿನ್ನೆ ಮಾಡಿದ್ವಿ, ಡೆಲ್ಲಿ ಕ್ಯಾರೆಟ್ ಸಿಗ್ಲಿಲ್ಲ ಕಿತ್ತಳೆದೇ. ಸಕ್ಕರೆ 80 ಬದಲು 90 ಗ್ರಾಂ ಆಯ್ತು, ಭಾವ ಹಿಂದೆ ನಿಂತು "ಇನ್ನೊಂಚೂರು ಇನ್ನೊಂಚೂರು" ಅಂತಿದ್ರು. ತುರಿ ಬಾಯಲ್ಲಿ ಕರಗುತ್ತೆ, ಹಾಲು ಒಡೀಲಿಲ್ಲ. ಮೊದಲು ಜೋರು ಉರೀಲಿ ಹುರಿದಾಗ ಬರೋ ಆ ಘಮಕ್ಕೇ ಮಕ್ಕಳು ಅಡುಗೆಮನೆಗೆ ಬಂದು ನಿಂತ್ರು. ಬಡಿಸೋಕೆ ಅಮ್ಮ ಪಾಯಸದ ಬಟ್ಟಲು ತೆಗೆದ್ರು, ನಾನು ಚಟ್ನಿ ಬಟ್ಟಲು ಇಟ್ಟೆ, ಅದರ ಮೇಲೆ ಸಣ್ಣ ಮಹಾಯುದ್ಧ ಆಯ್ತು. ಅಕ್ಕನಿಗೆ ಮಾತ್ರ ಸಮಾಧಾನ ಇಲ್ಲ, ಮದುವೆಮನೆ ಥರ ವೆನಿಲ್ಲಾ ಐಸ್ ಕ್ರೀಮ್ ಬೇಕಿತ್ತಂತೆ.

ಬ್ಯಾಚುಲರ್ಬಾಣಲೆ
ಬಿಸಿ ಹಲ್ವಾ ಮೇಲೆ ತಣ್ಣನೆ ಐಸ್ ಕ್ರೀಮ್!! ಅಕ್ಕನೇ ಸರಿ

ಲೆಕ್ಕದಮೇಷ್ಟ್ರು
ಒಂದು ಸ್ಕೂಪ್ ನೂರು ಕ್ಯಾಲೊರಿ ದಾಟುತ್ತೆ. ಸುಮ್ನೆ ಹೇಳಿದೆ.

ಬ್ಯಾಚುಲರ್ಬಾಣಲೆ
ಮೇಷ್ಟ್ರೇ ನಿಮ್ಮ ಮನೇಲಿ ಹಬ್ಬ ಹೇಗೆ ಮಾಡ್ತಾರೆ

ಹುಬ್ಬಳ್ಳಿಹುಡುಗಿ
😂😂😂

ಸಕ್ಕರೆಸಂಗಾತಿ
ಐಸ್ ಕ್ರೀಮ್ ಬದಲು ಗಟ್ಟಿ ಮೊಸರನ್ನ ಬಟ್ಟೇಲಿ ಕಟ್ಟಿ ನೀರಿಳಿಸಿ, ಸ್ವಲ್ಪ ಏಲಕ್ಕಿ ಹಾಕಿ ತಣ್ಣಗೆ ಮೇಲಿಡಿ. ಹುಳಿ ಮೊಸರು ಬೇಡ, ಸಿಹಿ ಮೊಸರು. ಅಕ್ಕ ಒಪ್ಪದೇ ಇರಬಹುದು, ಅಪ್ಪ ಒಪ್ತಾರೆ.

ಮಿಲ್ಕ್‌ಮೇಡ್‌ಮಂಜಿ
ನಾನೂ ಮಾಡೋಣ ಅಂತ ಎರಡು ಕೆಜಿ ಕ್ಯಾರೆಟ್ ತಂದಿದ್ದೀನಿ. ಒಂದೇ ಸಲ ಮಾಡಿಟ್ರೆ ಫ್ರಿಜ್ಜಲ್ಲಿ ಎಷ್ಟು ದಿನ ಇರುತ್ತೆ? ಮೊದಲೆಲ್ಲಾ ವಾರ ಇಡ್ತಿದ್ದೆ, ಏನೂ ಆಗ್ತಿರ್ಲಿಲ್ಲ.

ಅಡುಗೆಭಟ್ಟ
ಮೊದಲು ಇಡ್ತಿದ್ದದ್ದು ಸಕ್ಕರೆ ಜಾಸ್ತಿ ಇದ್ದ ಹಲ್ವಾ ಅಮ್ಮ, ನೀರನ್ನ ಸಕ್ಕರೆ ಹಿಡಿದಿಟ್ಟುಕೊಳ್ತಿತ್ತು ಅದಕ್ಕೆ ಕೆಡ್ತಿರ್ಲಿಲ್ಲ. ಇದು ಮೂರು ದಿನ, ಅದೂ ಒಣ ಚಮಚ ಹಾಕಿದ್ರೆ. ಹೊರಗಂತೂ ರಾತ್ರಿಯಿಡೀ ಬಿಡಲೇಬೇಡಿ. ಎರಡು ಕೆಜಿನೂ ತುರಿದು ತುಪ್ಪದಲ್ಲಿ ಹುರಿಯೋ ಹಂತದವರೆಗೆ ಮಾಡಿ, ಅರ್ಧವನ್ನ ಆರಿಸಿ ಡಬ್ಬೀಲಿ ಹಾಕಿ ಫ್ರೀಜರ್‌ಗೆ ಇಡಿ, ತಿಂಗಳು ಇರುತ್ತೆ. ಬೇಕಾದ ದಿನ ಹೊರಗೆ ತೆಗೆದು ಸೀದಾ ಬಿಸಿ ಹಾಲಿಗೆ ಹಾಕಿ.

ಮಿಲ್ಕ್‌ಮೇಡ್‌ಮಂಜಿ
ಒಳ್ಳೇ ಐಡಿಯಾ. ಎರಡು ಕೆಜಿ ತುರಿಯೋರು ಯಾರು ಅನ್ನೋದು ಮಾತ್ರ ಮನೇಲಿ ಇನ್ನೂ ತೀರ್ಮಾನ ಆಗಿಲ್ಲ

ಬ್ಯಾಚುಲರ್ಬಾಣಲೆ
ಮಿಕ್ಸೀಲಿ ದೊಡ್ಡ ತುಂಡು ಹಾಕಿ ಪಲ್ಸ್ ಕೊಡಿ ಮೇಡಂ, ಎರಡೇ ಸುತ್ತು, ಮೂರನೇದು ಕೊಟ್ರೆ ಜ್ಯೂಸು